ಸೂರ್ಯ ಬಂದ ದಿನ ಕಂಡ ಹಳದಿ

ನಾರ್ವೆಯ ಉತ್ತರ ತುದಿಯಲ್ಲಿರುವ ನಮ್ಮ ಊರಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿಯಲ್ಲಿ. ನನ್ನ ಮಗಳು ಇಂಗ್ವಿಲ್ ಹುಟ್ಟಿದ್ದು ಆ ಕತ್ತಲೆ ಶುರುವಾದಾಗ. ದೀಪದ ಬೆಳಕಲ್ಲಿ ಎಲ್ಲರ ಮುಖವೂ ಹಳದಿಯೇ. ಆದರೆ ಮಗುವಿನ ಕಕ್ಕ ಸುಣ್ಣದ ಹಾಗೆ ಬೆಳ್ಳಗಿತ್ತು. ಅದನ್ನು ನೋಡಲು ಸೂರ್ಯ ಬೇಕಿರಲಿಲ್ಲ.

ಹೇಳಿದೆ. ಯಾರಿಗೆ? ಶಿಶು ಆರೋಗ್ಯ ಕೇಂದ್ರದ ನರ್ಸ್ ಗುನ್‌ವೊರ್‌ಗೆ. ಅವರು ನನ್ನ ಅತ್ತೆ ಬೇರೆ. ಅರ್ಧ ಊರನ್ನೇ ತಕ್ಕಡಿಯಲ್ಲಿ ಮಲಗಿಸಿ ತೂಗಿದವರು. ಅವರ ಮಾತಿಗೆ ಡಾಕ್ಟರೂ ತಲೆಯಾಡಿಸುತ್ತಿದ್ದರು.

"ಎದೆಹಾಲಿನ ಕಾಮಾಲೆ ಕಣೇ, ತಾನಾಗೇ ಹೋಗುತ್ತೆ. ತೂಕ ಬರ್ತಿದೆಯಲ್ಲ!"

"ಕಕ್ಕ ಬೆಳ್ಳಗಿದೆ ಅತ್ತೆ. ಉಚ್ಚೆ ನೋಡಿದ್ರೆ ಟೀ ಥರ."

"ಹಾಲು ಕುಡಿಯೋ ಕೂಸು ಇನ್ನೇನು ನೀಲಿ ಮಾಡುತ್ತಾ? ಚೊಚ್ಚಲ ಬಾಣಂತಿಯರೆಲ್ಲ ಡೈಪರಲ್ಲೇ ಭವಿಷ್ಯ ಓದ್ತೀರಪ್ಪ!"

ನನ್ನ ಮೈಯೆಲ್ಲ ಉರಿಯಿತು. ಮೀನು ಹಿಡಿಯಲು ಹೋಗಿದ್ದ ಗಂಡ ಫೋನಿನಲ್ಲಿ "ಅಮ್ಮನಿಗೆ ಗೊತ್ತಿರುತ್ತೆ ಬಿಡು" ಎಂದ. ಇಬ್ಬರ ಮೇಲೂ ಹಲ್ಲು ಕಡಿದೆ.

ಸೂರ್ಯ ಬರುವ ದಿನ ಊರೆಲ್ಲ ಗುಡ್ಡದ ಮೇಲಿತ್ತು, ಎಲ್ಲರ ಕೈಯಲ್ಲೂ ಜಾಮ್ ತುಂಬಿದ ಬನ್ನು. ಬೆಳಕು ಇಣುಕಿದ್ದೇ ತಡ, ಜನ ಹೋ ಎಂದು ಕೂಗಿದರು. ಸದ್ದಿಗೆ ಇಂಗ್ವಿಲ್ ಕಣ್ಣು ಬಿಟ್ಟಳು. ಬೆಳ್ಳಗಿರಬೇಕಾದ ಜಾಗವೆಲ್ಲ ಅರಿಸಿನ. ಪಕ್ಕದಲ್ಲಿದ್ದ ಅತ್ತೆಯ ಬನ್ನು ಹಿಮಕ್ಕೆ ಬಿತ್ತು.

"ಈಗ ಕಂಡಿತಾ?" ಎಂದು ಎಲ್ಲರ ಮುಂದೆ ಕಿರುಚಿದೆ. "ಸೂರ್ಯನೇ ಬಂದು ಹೇಳಬೇಕಿತ್ತಾ? ನಾನು ಹೇಳಿದ್ದು ಸಾಲಲಿಲ್ವಾ?"

ಡೈಪರನ್ನು ಚೀಲದಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋದೆ. ಅದನ್ನು ಬಿಚ್ಚಿ ನೋಡಿದ ಡಾಕ್ಟರ ಮುಖ ಸಪ್ಪಗಾಯಿತು. ರಕ್ತ ಪರೀಕ್ಷಿಸಿದರು. ಎದೆಹಾಲಿನಿಂದ ಬರುವ ಹಳದಿ ಅದಲ್ಲವೇ ಅಲ್ಲ.

"ಪಿತ್ತನಾಳ ಮುಚ್ಚಿರೋ ಹಾಗಿದೆ. ಪಿತ್ತ ಒಳಗೇ ನಿಂತು ಯಕೃತ್ತು ಹಾಳಾಗ್ತಿದೆ. ಆಪರೇಷನ್ ತಡ ಆದಷ್ಟೂ ಫಲ ಕಡಿಮೆ. ಇವತ್ತೇ ಹೊರಡಿ."

ಓಸ್ಲೋದಲ್ಲಿ ಅಂಗೈಯಗಲದ ಹೊಟ್ಟೆ ಕೊಯ್ದು ಕರುಳನ್ನೇ ಯಕೃತ್ತಿಗೆ ಜೋಡಿಸಿದರು. ಪಿತ್ತ ಇಳಿದರೆ ಕಕ್ಕಕ್ಕೆ ಬಣ್ಣ ಬರುತ್ತದೆ, ಇಳಿಯದಿದ್ದರೆ ಬೇರೆಯವರ ಯಕೃತ್ತೇ ಗತಿ ಎಂದರು. ಪ್ರತಿ ಡೈಪರನ್ನೂ ಕಿಟಕಿಯ ಬೆಳಕಲ್ಲಿ ಬಿಚ್ಚುತ್ತಿದ್ದೆ. ಮತ್ತೆ ಬಿಳಿ, ಮತ್ತೆ ಬಿಳಿ. ಅತ್ತೆ ದಿನಾ ಫೋನ್ ಮಾಡುತ್ತಿದ್ದರು, ನಾನು ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಡೈಪರಿನಲ್ಲಿ ಬಣ್ಣ ಕಂಡಿತು. ಅವತ್ತು ಎತ್ತಿದೆ.

"ಬಣ್ಣ... ಬಣ್ಣ ಏನಮ್ಮಾ?" ಮಗು ಹುಟ್ಟಿದಾಗಿನಿಂದ ಅವರು ಅದನ್ನು ಕೇಳಿದ್ದು ಅದೇ ಮೊದಲು.

"ಹಸಿರು."

ಆ ಕಡೆ ಬಿಕ್ಕಿ ಬಿಕ್ಕಿ ಅಳು. ನನಗೂ ಉಕ್ಕಿ ಬಂತು, ನುಂಗಿದೆ.

"ಅಳಬೇಡಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ತೂಕಕ್ಕೆ ಬರೋ ಮೊದಲನೇ ಕೂಸಿನ ಡೈಪರ್ ಬಿಚ್ಚಿ ನೋಡಿ. ಆಮೇಲೆ ಫೋನ್ ಮಾಡಿ."