ಮೇಣ ಹಚ್ಚಿದ ಭರಣಿ

ಸಮುದ್ರದ ದಂಡೆಯ ಒಂದು ರಾಜ್ಯದಲ್ಲಿ ಜನ ಸುಮ್ಮನೆ ಕೂರುತ್ತಿರಲಿಲ್ಲ. ಕೆಲಸವಿತ್ತೆಂದಲ್ಲ, ಕಾಯ್ದೆಯಿತ್ತು. ವರ್ಷವಿಡೀ ಅಲುಗಾಡದ ಯಾವುದೇ ಪ್ರಾಣಿ, ವಸ್ತು, ಇಲಾಖೆ ಸತ್ತಿದೆಯೆಂದು ತಿಳಿಯತಕ್ಕದ್ದು ಎಂದು ಹಿಂದಿನ ಮಂತ್ರಿಯೊಬ್ಬ ಬರೆದಿಟ್ಟು ಹೋಗಿದ್ದ. ಅದನ್ನು ಜಾರಿಗೆ ತರಲು ಒಬ್ಬ ಚಲನಾಧಿಕಾರಿಯಿದ್ದ. ಅವನ ಕೈಯಲ್ಲಿ ‘ಮೃತ’ ಎಂಬ ಮುದ್ರೆ. ಕೆಟ್ಟವನಲ್ಲ ಪಾಪ, ಒತ್ತುವ ಮುನ್ನ ಒಮ್ಮೆ ಕೆಮ್ಮಿ, ಅಲುಗಾಡಲು ಅವಕಾಶ ಕೊಡುತ್ತಿದ್ದ.

ಊರಾಚೆಯ ಉಪ್ಪಿನ ಆಗರದ ಪಕ್ಕದಲ್ಲಿ ಒಂದೇ ಕೋಣೆಯ ಸಂಶೋಧನಾಲಯವಿತ್ತು. ಅಲ್ಲಿ ಶೇಷಪ್ಪಯ್ಯನವರು ಉಪ್ಪುನೀರಿನ ಸೀಗಡಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಅಕ್ಕಿಕಾಳಿಗಿಂತ ತುಸು ಉದ್ದ, ಅಂಗಾತ ಮಲಗಿ ಈಜುವ ಸ್ವಭಾವ. ಅವನ್ನು ಕಂಡರೆ ಶೇಷಪ್ಪಯ್ಯನವರಿಗೆ ಮೊಮ್ಮಕ್ಕಳನ್ನು ಕಂಡಷ್ಟು ಅಕ್ಕರೆ. ನೀರು ಬತ್ತಿದಾಗ ಸೀಗಡಿಗಳು ಸಾಯುತ್ತವೆ; ಮೊಟ್ಟೆಗಳು ಮಾತ್ರ ಕಂದು ಹುಡಿಯಾಗಿ ಆಗರದ ಬದುವಿಗೆ ಅಂಟಿ ಉಳಿಯುತ್ತವೆ. ಮತ್ತೆ ಹದವಾದ ಉಪ್ಪುನೀರು ಸಿಕ್ಕರೆ ಒಂದೇ ದಿನದಲ್ಲಿ ಮರಿ. ಸಿಗದಿದ್ದರೆ? ಐದು ವರ್ಷ ಕಾಯುತ್ತವೆಂದು ಅವರ ಗುರುಗಳು ಕಂಡುಕೊಂಡಿದ್ದರು. ಹತ್ತು ವರ್ಷ ಕಾಯುತ್ತವೆಯೇ ಎಂದು ತಿಳಿಯಲು ಶೇಷಪ್ಪಯ್ಯನವರು ಒಂದು ಭರಣಿಗೆ ಆ ಹುಡಿ ತುಂಬಿ, ಬಾಯಿಗೆ ಮೇಣ ಹಚ್ಚಿ, ಎದುರು ಕೂತಿದ್ದರು.

ಆಗರದಲ್ಲಿ ಉಪ್ಪು ಎಳೆಯುವ ಸಾತಮ್ಮನಿಗೆ ಈ ವಿದ್ಯೆಯೆಲ್ಲ ಗೊತ್ತಿರಲಿಲ್ಲ. ಪ್ರತಿವರ್ಷ ಹೊಸ ನೀರು ಕಟ್ಟುವಾಗ ಬದುವಿನ ಹುಡಿಯನ್ನು ಒಂದು ಹಿಡಿ ಕೆರೆದು ನೀರಿಗೆ ಎಸೆಯುತ್ತಿದ್ದಳು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಅದಕ್ಕೆ.

ಕೆಸರಿಗೆ ಹೆದರಿ ಇತ್ತ ತಲೆ ಹಾಕದಿದ್ದ ಚಲನಾಧಿಕಾರಿ, ಭರಣಿಗೆ ಏಳು ವರ್ಷ ತುಂಬಿದಾಗ ಕೊನೆಗೂ ಬಂದ.

“ಇದರೊಳಗೆ ಏನಾದರೂ ಅಲುಗಾಡಿದೆಯೇ?”

“ಇಲ್ಲ ಸ್ವಾಮಿ. ಅಲುಗಾಡದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.”

ಅಧಿಕಾರಿ ಕೆಮ್ಮಿದ. ಭರಣಿ ಸುಮ್ಮನಿತ್ತು.

“ತೆರೆದು ನೀರು ಹಾಕಿ ತೋರಿಸಿ. ಒಂದು ಮರಿ ಮಿಸುಕಿದರೂ ಬಿಟ್ಟುಬಿಡುತ್ತೇನೆ.”

ಶೇಷಪ್ಪಯ್ಯನವರ ಕೈ ಮೇಣದವರೆಗೂ ಹೋಯಿತು. ತೆರೆದರೆ ಸಂಶೋಧನಾಲಯ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಆದರೆ ಕಡಲಗಾಳಿಯ ತೇವ ಒಳಹೊಕ್ಕರೆ ಏಳು ವರ್ಷದ ಕಾಯುವಿಕೆ ನೀರಲ್ಲಿ ಹೋಮ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. “ಇನ್ನೂ ಮೂರು ವರ್ಷವಿದೆ, ಸ್ವಾಮಿ.”

ಮುದ್ರೆ ಬಿತ್ತು. ಸಂಶೋಧನಾಲಯ ಮೃತ. ಏಳು ವರ್ಷ ಕೂತಲ್ಲೇ ಕೂತಿದ್ದ ಶೇಷಪ್ಪಯ್ಯನವರೂ ಮೃತ. ಬದುವಿನ ಹುಡಿಯೂ ಮೃತ ಪದಾರ್ಥವೆಂದು ಅಧಿಕಾರಿಯ ಆಳುಗಳು ಅದನ್ನು ಗುಡಿಸಿ ಸುಟ್ಟುಹಾಕಿದರು. ಕಂಕುಳಲ್ಲಿ ಭರಣಿ ಇಟ್ಟುಕೊಂಡು ಹೊರಬಿದ್ದ ಶೇಷಪ್ಪಯ್ಯನವರಿಗೆ ಸಾತಮ್ಮ ತನ್ನ ಗುಡಿಸಲ ಜಗುಲಿ ಬಿಟ್ಟುಕೊಟ್ಟಳು. “ಸತ್ತೋರು ಗಂಜಿ ಉಂತ್ರೋ ಇಲ್ವೋ, ಒಡೆಯಾ?” ಎಂದು ಕೇಳಿದಳು. ಶೇಷಪ್ಪಯ್ಯನವರು ಎರಡು ಸಲ ಬಡಿಸಿಕೊಂಡರು.

ಮುಂದಿನ ವರ್ಷ ಆಗರದ ನೀರು ಹಸಿರಾಯಿತು. ಪಾಚಿ ತಿನ್ನುವ ಸೀಗಡಿಯೇ ಇಲ್ಲದ ಮೇಲೆ ಪಾಚಿಯನ್ನು ಕೇಳುವವರಾರು? ಮೂರನೆಯ ವರ್ಷಕ್ಕೆ ಉಪ್ಪೇ ಹಸಿರಾಗಿ ನಾರತೊಡಗಿತು. ರಾಜನು ಸಾರನ್ನು ಬಾಯಿಗಿಟ್ಟು ತಟ್ಟೆ ತಳ್ಳಿದ. ಆಗ ಚಲನಾಧಿಕಾರಿ ಓಡಿಬಂದು, ಸತ್ತವರ ಎದುರು ಕೈಮುಗಿದು ನಿಂತ.

“ಭರಣಿ ತೆರೆಯಿರಿ, ಪಂಡಿತರೇ.”

“ಇನ್ನೂ ಎಂಟು ದಿನವಿದೆ. ಕೂತುಕೊಳ್ಳಿ.”

ಅವನು ಜೀವಮಾನದಲ್ಲಿ ಮೊದಲ ಸಲ ಎಂಟು ದಿನ ಕೂತ. ಒಂಬತ್ತನೆಯ ಬೆಳಿಗ್ಗೆ ಶೇಷಪ್ಪಯ್ಯನವರು ಮೇಣ ಕೆರೆದು, ಹುಡಿಯನ್ನು ಮಣ್ಣಿನ ಬೋಗುಣಿಯ ಉಪ್ಪುನೀರಿಗೆ ಹಾಕಿದರು. ಸಂಜೆಯಾಯಿತು, ಏನೂ ಇಲ್ಲ. ಮರುದಿನ ಬೆಳಿಗ್ಗೆಯೂ ನೀರು ಸುಮ್ಮನಿತ್ತು. ಚಲನಾಧಿಕಾರಿ ಬೋಗುಣಿಯ ಮೇಲೆ ಬಗ್ಗಿ, ಬಹಳ ಮೆಲ್ಲಗೆ ಕೆಮ್ಮಿದ.

ಬಿಸಿಲು ಬಿದ್ದ ಅಂಚಿನಲ್ಲಿ ಒಂದು ಕಿತ್ತಳೆ ಚುಕ್ಕಿ ಮಿಸುಕಿತು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಲೆಕ್ಕವೇ ಸಿಗಲಿಲ್ಲ. ಶೇಷಪ್ಪಯ್ಯನವರು ಅತ್ತರು, ಅಧಿಕಾರಿಯೂ ಅತ್ತ. ಸಾತಮ್ಮ ಬೋಗುಣಿಯನ್ನು ಸೊಂಟದ ಮೇಲಿಟ್ಟು ಆಗರಕ್ಕೆ ಒಯ್ದಳು.

ಉಪ್ಪು ಬಿಳಿಯಾಯಿತು. ರಾಜನು ಪಂಡಿತರನ್ನು ಸನ್ಮಾನಿಸಬೇಕೆಂದ. ಆದರೆ ಕಡತದ ಪ್ರಕಾರ ಅವರು ಮೃತ, ಮೃತರನ್ನು ಬದುಕಿಸಲು ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ‘ಬದುಕಿರುವುದು ಎಂದರೇನು’ ಎಂದು ತೀರ್ಮಾನಿಸಲು ಹನ್ನೊಂದು ಜನರ ಸಮಿತಿ ಕೂತಿತು. ಚಲನಾಧಿಕಾರಿಯೇ ಅಧ್ಯಕ್ಷ.

ವರ್ಷ ಕಳೆದ ಮೇಲೆ ಅರಮನೆಗೆ ಉಪ್ಪು ಹೊತ್ತುಹೋದ ಸಾತಮ್ಮ, ಸಮಿತಿಯ ಕೋಣೆಯ ಕಿಟಕಿಯಲ್ಲಿ ಇಣುಕಿ ಬಂದಳು.

“ಕೂತೋರು ಕೂತಲ್ಲೇ ಇದ್ದಾರೆ, ಒಡೆಯಾ. ಒಬ್ರೂ ಮಿಸ್ಕುದಿಲ್ಲ. ಒಂದು ಕೊಡ ಉಪ್ಪುನೀರು ಸುರ್ದು ನೋಡ್ವನಾ?”

ಶೇಷಪ್ಪಯ್ಯನವರು ಹೊಸ ಪುಸ್ತಕ ತೆಗೆದು, ‘ಒಂದನೆಯ ವರ್ಷ’ ಎಂದು ಬರೆದುಕೊಂಡರು.

“ಬೇಡ ಸಾತಮ್ಮ. ಬಾಗಿಲು ತೆರೆಯಬೇಡ. ಎಷ್ಟು ವರ್ಷ ತಡೆಯುತ್ತಾರೆ, ನೋಡೋಣ.”