ಕಿಲೋಮೀಟರಿಗೆ ಎರಡೂವರೆ ಸಾವಿರ

ನಾನು ಒಂದು ಟ್ರೆಡ್‌ಮಿಲ್. ನಿಂತಲ್ಲೇ ಓಡುವುದಕ್ಕೆಂದು ಮನುಷ್ಯ ಮಾಡಿಕೊಂಡ ಯಂತ್ರ. ಮನೆಯ ಮುಂದೆ ರಸ್ತೆ ಬಿಟ್ಟಿಯಾಗಿ ಬಿದ್ದಿರುವ ಲೋಕದಲ್ಲಿ ಇಂಥದೊಂದು ವಸ್ತುವಿಗೆ ಬೆಲೆ ಕಟ್ಟಿ ಮಾರಬಹುದೆಂದು ಮೊದಲು ಯೋಚಿಸಿದವನು ಬುದ್ಧಿವಂತನೇ ಇರಬೇಕು. ಕೊಂಡವರ ವಿಷಯದಲ್ಲಿ ನಾನು ಆ ಮಾತನ್ನು ಹೇಳಲಾರೆ.

ಹುಟ್ಟಿದ್ದು ಒಂದು ಕಾರ್ಖಾನೆಯ ತಗಡಿನ ಮಾಡಿನ ಕೆಳಗೆ. ಉಕ್ಕಿನ ಚೌಕಟ್ಟು, ಅದರೊಳಗೆ ದಪ್ಪನೆಯ ಹಲಗೆ, ಹಲಗೆಯನ್ನು ಸುತ್ತಿದ ಕಪ್ಪು ರಬ್ಬರಿನ ಪಟ್ಟಿ, ಮೂತಿಯಲ್ಲಿ ಮೋಟಾರು. ಕಡೆಯಲ್ಲಿ ಎದುರಿಗೊಂದು ಫಲಕ ಕೂರಿಸಿದರು. ನನ್ನ ಮೇಲೆ ಕಾಲಿಟ್ಟವರು ಒಟ್ಟು ಎಷ್ಟು ದೂರ ನಡೆದರೆಂದು ಅದು ಎಣಿಸುತ್ತದೆ, ಎಣಿಸಿದ್ದನ್ನು ಮರೆಯುವುದಿಲ್ಲ. ಹೀಗೆ ಹುಟ್ಟಿನಿಂದ ನನಗೆ ಒಲಿದದ್ದು ಒಂದೇ ವಿದ್ಯೆ, ಲೆಕ್ಕ. ನನ್ನ ಒಡೆಯನಿಗೆ ಅದೊಂದೇ ಒಲಿದಿರಲಿಲ್ಲ.

ಒಡೆಯನ ಹೆಸರು ಕೆಂಪರಾಜು. ಮಂಡ್ಯದ ಒಂದು ಬೀಜದ ಕಂಪನಿಯಲ್ಲಿ ಉಗ್ರಾಣದ ಮೇಲ್ವಿಚಾರಕ. ಸಂಬಳ ಮೂವತ್ತೊಂದು ಸಾವಿರ. ದಸರೆಗೆ ನಾಲ್ಕು ದಿನ ಇರುವಾಗ ಹೆಂಡತಿ ಜಯಶೀಲಳನ್ನು ಕರೆದುಕೊಂಡು ನಾನಿದ್ದ ಮೈಸೂರಿನ ಅಂಗಡಿಗೆ ಬಂದ. ಬಂದದ್ದು ಮಿಕ್ಸಿ ಕೊಳ್ಳಲು. ನನ್ನ ಮೇಲೆ ಎರಡು ನಿಮಿಷ ನಡೆದ, ಎದುರಿನ ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡ, ಬೆಲೆ ಕೇಳಿದ. ನಲವತ್ತೈದು ಸಾವಿರ.

"ಅಷ್ಟು ದುಡ್ಡೆಲ್ಲಿದೆ, ಬನ್ರೀ," ಎಂದಳು ಜಯಶೀಲ.

"ಈ ಕಾಲದಲ್ಲಿ ದುಡ್ಡು ಯಾರು ಮೇಡಂ ಕೊಡ್ತಾರೆ?" ಎಂದು ಮಾರಾಟದವನು ನಕ್ಕ. "ಕಾರ್ಡು ಉಜ್ಜಿ, ಎತ್ಕೊಂಡೋಗ್ತಾ ಇರಿ."

"ಓ, ಹಂಗಾದ್ರೆ ಬಿಟ್ಟಿ ಕೊಡ್ತೀರಾ?" ಎಂದಳು ಆಕೆ.

ಮಾರಾಟದವನು ಇದನ್ನು ತಮಾಷೆಯೆಂದುಕೊಂಡ. ಆ ಅಂಗಡಿಯಲ್ಲಿ ಅಂದು ಕೇಳಿಬಂದ ಏಕಮಾತ್ರ ಗಂಭೀರ ಪ್ರಶ್ನೆ ಅದಾಗಿತ್ತು. ಕೆಂಪರಾಜು ಕಾರ್ಡು ತೆಗೆದ; ಮಿಕ್ಸಿ ಅಂಗಡಿಯಲ್ಲೇ ಉಳಿಯಿತು, ನಾನು ಮಂಡ್ಯಕ್ಕೆ ಬಂದೆ.

ಅದೊಂದು ಎರಡು ಕೋಣೆಯ ಬಾಡಿಗೆ ಮನೆ. ಬೆಳಕು ಬರುವ ಕಿಟಕಿ ಒಂದೇ. ಅದರ ಕೆಳಗೆ ಜಯಶೀಲಳ ಹೊಲಿಗೆ ಯಂತ್ರವಿತ್ತು. ಆಕೆ ಬ್ಲೌಸು ಹೊಲಿಯುತ್ತಿದ್ದಳು. ಪೇಟೆ ಬೀದಿಯಲ್ಲಿ ಒಂದು ಮಳಿಗೆ ಹಿಡಿಯಬೇಕೆಂಬ ಒಂದೇ ಆಸೆಗೆ ಓಣಿಯಲ್ಲಿ ಚೀಟಿ ನಡೆಸುವ ತಾಯಮ್ಮನಿಗೆ ತಿಂಗಳಿಗೆ ನಾಲ್ಕು ಸಾವಿರದಂತೆ ಕಟ್ಟುತ್ತಿದ್ದಳು. ಇಪ್ಪತ್ತೈದು ತಿಂಗಳಿಗೆ ಒಂದು ಲಕ್ಷ. ಮಳಿಗೆಯ ಮುಂಗಡ ಎಪ್ಪತ್ತೈದು ಸಾವಿರ, ಉಳಿದದ್ದು ಬೀರುವಿಗೆ, ದೀಪಕ್ಕೆ. ಆಕೆಯ ಲೆಕ್ಕದಲ್ಲಿ ಒಂದು ರೂಪಾಯಿಯೂ ಅಲೆಯುತ್ತಿರಲಿಲ್ಲ. ಗಂಡ ಆ ಹೊಲಿಗೆ ಯಂತ್ರವನ್ನು ಕತ್ತಲ ಮೂಲೆಗೆ ತಳ್ಳಿ ಕಿಟಕಿಯ ಕೆಳಗೆ ನನ್ನನ್ನು ಪ್ರತಿಷ್ಠಾಪಿಸಿದ. ದುಡಿಯುವ ಯಂತ್ರಕ್ಕೆ ಕತ್ತಲೆ, ನಿಂತ ಯಂತ್ರಕ್ಕೆ ಬೆಳಕು.

ಆಯುಧ ಪೂಜೆ ಬಂತು. ನನಗೆ ಚೆಂಡುಹೂವಿನ ಹಾರ, ಎರಡು ಬಾಳೆಕಂದು. ಹೊಲಿಗೆ ಯಂತ್ರಕ್ಕೂ ಕತ್ತರಿಗೂ ಒಂದೊಂದು ಬೊಟ್ಟು ಕುಂಕುಮ. ಪೂಜೆಯ ತಟ್ಟೆಯ ನಡುವೆ ಕೆಂಪರಾಜು ತನ್ನ ಕಾರ್ಡನ್ನಿಟ್ಟು ಹೂವೇರಿಸಿ ಕೈ ಮುಗಿದ. ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯವರೆಗೆ ಮುಟ್ಟಬಾರದೆಂಬುದು ಆ ಮನೆಯ ನೇಮ. ಜಯಶೀಲ ಕತ್ತರಿ ಮುಟ್ಟಲಿಲ್ಲ. ಗಂಡ ಮಾತ್ರ ಮಧ್ಯಾಹ್ನವೇ ತಟ್ಟೆಗೆ ಕೈ ಹಾಕಿದ. ಅಂದು ಓಟದ ಬೂಟುಗಳ ಮೇಲೆ ರಿಯಾಯಿತಿಯಿತ್ತಂತೆ.

"ಎಲ್ಲಾ ಆಯುಧಕ್ಕೂ ಇವತ್ತು ರಜಾ," ಎಂದಳು ಆಕೆ. "ನಿಮ್ಮದಕ್ಕೊಂದು ಇಲ್ಲ."

ಆ ಬೂಟು ತೊಟ್ಟು ಅವನು ಮೊದಲ ವಾರ ಎಂಟು ಕಿಲೋಮೀಟರು ಓಡಿದ. ಎರಡನೆಯ ವಾರ ಮೂರು. ಆಮೇಲೆ ಯಾರಾದರೂ ನೆಂಟರು ಬಂದಾಗ, ಅವರು ಕಾಫಿ ಕುಡಿದು ಮುಗಿಸುವವರೆಗೆ. ಸಂಕ್ರಾಂತಿಯ ಹೊತ್ತಿಗೆ ನನ್ನ ಹಿಡಿಗಳ ಮೇಲೆ ಟವೆಲುಗಳೂ ಲುಂಗಿಗಳೂ ಒಣಗುತ್ತಿದ್ದವು. ಚೀಟಿಯ ಹಣ ವಸೂಲಿಗೆ ಬಂದ ತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಅಲ್ಲ ಕಣಮ್ಮಿ, ಬಟ್ಟೆ ಒಣಗಾಕೋ ಸ್ಟ್ಯಾಂಡಿಗೆ ಕರೆಂಟು ಬ್ಯಾರೆ ಯಾಕೆ?"

ನನ್ನ ಹಿಡಿಯ ಪಕ್ಕದಲ್ಲಿ ನೀರಿನ ಬಾಟಲಿ ಇಡುವ ಗುಳಿಯೊಂದಿದೆ. ಕೆಂಪರಾಜು ಕಾರ್ಡಿನ ಬಿಲ್ಲುಗಳನ್ನು ಸುರುಳಿ ಸುತ್ತಿ ಅದರಲ್ಲಿ ತುರುಕುತ್ತಿದ್ದ. ಅವನು ಓದದ ಆ ಬಿಲ್ಲುಗಳನ್ನು ಬೇರೆ ಕೆಲಸವಿಲ್ಲದ ನಾನು ಓದಿದೆ. ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಪಾವತಿ. ನಮ್ಮವನು ಎರಡನೆಯದನ್ನೇ ಬಿಲ್ಲೆಂದು ತಿಳಿದಿದ್ದ. ಪ್ರತಿ ತಿಂಗಳೂ ಅದನ್ನು ಗಡುವಿಗೆ ಎರಡು ದಿನ ಮುಂಚೆಯೇ ಕಟ್ಟಿ, "ಇವತ್ತಿನವರೆಗೆ ಒಂದು ದಿನ ತಪ್ಪಿಸಿಲ್ಲ" ಎಂದು ಎದೆಯುಬ್ಬಿಸುತ್ತಿದ್ದ.

ನನ್ನೊಬ್ಬನ ಲೆಕ್ಕವನ್ನೇ ಹೇಳುತ್ತೇನೆ. ಬಾಕಿ ನಲವತ್ತೈದು ಸಾವಿರ. ಕನಿಷ್ಠ ಪಾವತಿ ನೂರಕ್ಕೆ ಐದರಂತೆ ಎರಡು ಸಾವಿರದ ಇನ್ನೂರ ಐವತ್ತು. ತಿಂಗಳ ಬಡ್ಡಿ ನೂರಕ್ಕೆ ಮೂರೂವರೆಯಂತೆ ಸಾವಿರದ ಐನೂರ ಎಪ್ಪತ್ತೈದು. ಆ ಬಡ್ಡಿಯ ಮೇಲೆ ತೆರಿಗೆ ಇನ್ನೂರ ಎಂಬತ್ತಮೂರು. ಕಳೆದರೆ ಅಸಲಿಗೆ ಸಂದದ್ದು ಮುನ್ನೂರ ತೊಂಬತ್ತೆರಡು. ಎರಡೂಕಾಲು ಸಾವಿರ ತೆತ್ತು ನಾನೂರು ರೂಪಾಯಿಯನ್ನೂ ತೀರಿಸದವನು ತನ್ನನ್ನು ಶಿಸ್ತಿನ ಮನುಷ್ಯನೆಂದು ಕರೆದುಕೊಳ್ಳುತ್ತಿದ್ದ. ಸಾಲದ್ದಕ್ಕೆ, ಬಾಕಿ ಉಳಿಸಿಕೊಂಡವನು ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳು ದೊರೆಯುವುದಿಲ್ಲ. ಅವನು ಕಾರ್ಡಿನಲ್ಲಿ ತಂದ ಸೋಪಿಗೂ ತಂದ ದಿನದಿಂದಲೇ ಬಡ್ಡಿ ಓಡುತ್ತಿತ್ತು. ಆ ಮನೆಯಲ್ಲಿ ಓಡುತ್ತಿದ್ದುದು ಅದೊಂದೇ.

ಎರಡನೆಯ ದಸರೆಯ ಹೊತ್ತಿಗೆ ಬ್ಯಾಂಕು ಅವನ ಸಾಲದ ಮಿತಿಯನ್ನು ಅರವತ್ತು ಸಾವಿರದಿಂದ ಒಂದು ಲಕ್ಷಕ್ಕೆ ಏರಿಸಿತು. ಕೆಂಪರಾಜು ಇದನ್ನು ಬಡ್ತಿಯೆಂದು ಭಾವಿಸಿ ಕಚೇರಿಗೆಲ್ಲ ಪೇಡ ಹಂಚಿದ. ಪೇಡದ ಹಣವೂ ಕಾರ್ಡಿನದೇ.

"ನಮ್ಮ ಯೋಗ್ಯತೆ ನೋಡಿ ಕೊಡ್ತಾರೆ ಶೀಲಾ, ಎಲ್ರಿಗೂ ಕೊಡಲ್ಲ."

"ಕುರಿಗೆ ಜಾಸ್ತಿ ಸೊಪ್ಪು ಹಾಕೋದೂ ಯೋಗ್ಯತೆ ನೋಡೇ," ಎಂದು ಆಕೆ ಮೂಲೆಯ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಸೂಜಿಗೆ ದಾರ ಪೋಣಿಸಿದಳು.

ಆ ವರ್ಷ ಹೊಸ ಫೋನು ಬಂತು. ಫೋನಿಗೊಂದು ಕೈಗಡಿಯಾರ ಬಂತು. ಅದು ಅವನ ಹೆಜ್ಜೆ ಎಣಿಸುತ್ತದಂತೆ. ನಾನೇ ಎಣಿಸಲು ಏನೂ ಇಲ್ಲದೆ ನಿಂತಿದ್ದೆ. ಎಣಿಸಲಿಕ್ಕೆ ಎರಡನೆಯ ನೌಕರ!

ಮೂರನೆಯ ದಸರೆ. ಚೀಟಿ ಮುಗಿದು ತಾಯಮ್ಮ ಒಂದು ಲಕ್ಷ ತಂದುಕೊಟ್ಟಿದ್ದಳು. ಮಳಿಗೆಯ ಒಡೆಯ ವಿಜಯದಶಮಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದ. ಆಯುಧ ಪೂಜೆಯ ಬೆಳಿಗ್ಗೆ ಜಯಶೀಲ ನನ್ನ ಮೇಲಿನ ಬಟ್ಟೆಗಳನ್ನು ತೆಗೆದು ಒರೆಸುತ್ತಿದ್ದಳು. ಕೆಂಪರಾಜು ಬಂದು ಬಾಗಿಲಿಗೊರಗಿ ನಿಂತ.

"ನಾಳೆ ಮುಂಗಡ ಕೊಡ್ತೀಯಲ್ಲ. ಮಿಕ್ಕಿದ್ರಲ್ಲಿ ಒಂದೈದು ಸಾವಿರ ಕೊಡು. ಈ ತಿಂಗಳು ಕಾರ್ಡಿನ ಬಿಲ್ಲಿಗೆ ಕೈ ಕಟ್ಟೋಗಿದೆ."

"ಬಿಲ್ಲು ಎಷ್ಟು?"

"ನಾಲ್ಕು ಸಾವಿರದ ಏಳ್ನೂರು."

ಆಕೆ ಗುಳಿಯಿಂದ ಸುರುಳಿಗಳನ್ನು ಎಳೆದಳು. ಎಲ್ಲಕ್ಕೂ ಮೇಲಿದ್ದುದನ್ನು ಬಿಚ್ಚಿದಳು. ಕನಿಷ್ಠ ಪಾವತಿ ನಾಲ್ಕು ಸಾವಿರದ ಏಳುನೂರು. ಅದರ ಮೇಲಿನ ಸಾಲಿನಲ್ಲಿ ಪೂರ್ತಿ ಬಾಕಿ: ತೊಂಬತ್ತನಾಲ್ಕು ಸಾವಿರ.

ಆಕೆ ನನ್ನ ಮೇಲೆ ಕುಳಿತಳು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದಳು, ನನ್ನ ಕಪ್ಪು ರಬ್ಬರಿನ ಮೇಲೆ ಲೆಕ್ಕ ಬರೆಯತೊಡಗಿದಳು. ಎರಡು ವರ್ಷಗಳಲ್ಲಿ ನಾನು ಸರಿಯಾಗಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಬಡ್ಡಿ ಮೂರು ಸಾವಿರದ ಇನ್ನೂರ ತೊಂಬತ್ತು. ತೆರಿಗೆ ಐನೂರ ತೊಂಬತ್ತೆರಡು. ಕೂಡಿದರೆ ಮೂರು ಸಾವಿರದ ಎಂಟುನೂರ ಎಂಬತ್ತೆರಡು. ಕೆಳಗೆ ಗೆರೆ ಎಳೆದಳು.

"ನಾನು ಹಿಡಿಯೋ ಮಳಿಗೆ ಬಾಡಿಗೆ ಎಷ್ಟು ಹೇಳಿ?"

"ಮೂರೂವರೆ ಸಾವಿರ."

"ಇದನ್ನ ಓದಿ."

ಅವನು ಬಗ್ಗಿ ಓದಿದ. ಎರಡನೆಯ ಸಲ ಓದಿದ.

"ಬಾಗಿಲಿಲ್ಲದ ಅಂಗಡಿಗೆ ತಿಂಗಳು ತಿಂಗಳು ಬಾಡಿಗೆ ಕಟ್ತಾ ಇದ್ದೀವಿ ಕಣ್ರೀ, ನನ್ನ ಅಂಗಡಿಗಿಂತ ಜಾಸ್ತಿ. ಗಿರಾಕಿನೂ ಇಲ್ಲ, ಬೋರ್ಡೂ ಇಲ್ಲ."

"ಮಳಿಗೆ ಹಿಡಿ ನೀನು. ಇದನ್ನ ನಾನು ನಿಧಾನಕ್ಕೆ…"

"ನಿಧಾನಕ್ಕೇ ಇಲ್ಲಿಗೆ ಬಂದಿರೋದು."

ಅವನು ನೆಲ ನೋಡಿದ. ನನಗೆ ಅದು ಹಿತವಾಗಿತ್ತು. ಆಕೆಗೆ ಹಿತವಾಗಲಿಲ್ಲ. ಚೀಟಿಯ ಹಣದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ಬೀಳುತ್ತಿದ್ದ ಬೆಳಕಿನಲ್ಲಿ ಒಂದೊಂದೇ ನೋಟು ಎಣಿಸಿದಳು. ಆ ಬೆಳಕು ಅವಳದಾಗಿತ್ತು. ಕಡೆಗೆ ಎದ್ದು ಕಾರ್ಡನ್ನು ತಟ್ಟೆಯಲ್ಲಿಟ್ಟಳು, ಅದರ ಮೇಲೆ ಕತ್ತರಿ ಇಟ್ಟಳು, ಎರಡಕ್ಕೂ ಕುಂಕುಮ ಹಚ್ಚಿದಳು. ಅಂದು ಕತ್ತರಿ ಮುಟ್ಟುವಂತಿರಲಿಲ್ಲ. ಕಾರ್ಡಿಗೂ ಅಂದು ಮೊದಲ ಬಾರಿಗೆ ರಜಾ ದೊರೆಯಿತು.

ವಿಜಯದಶಮಿಯ ಬೆಳಿಗ್ಗೆ ಪೂಜೆಯ ಕತ್ತರಿ ಕತ್ತರಿಸಿದ ಮೊದಲ ವಸ್ತು ಆ ಕಾರ್ಡು. ಆದರೆ ಕಾರ್ಡು ತುಂಡಾದರೆ ಸಾಲ ತುಂಡಾಗುವುದಿಲ್ಲವೆಂದು ಆಕೆ ಬಲ್ಲಳು. ರಜೆ ಕಳೆದ ಮರುದಿನ ಗಂಡನನ್ನು ಮುಂದಿಟ್ಟುಕೊಂಡು ಬ್ಯಾಂಕಿಗೆ ಹೋಗಿ, ತೊಂಬತ್ತನಾಲ್ಕು ಸಾವಿರವನ್ನೂ ಅಂದಿನವರೆಗಿನ ಬಡ್ಡಿಯನ್ನೂ ಕಟ್ಟಿಸಿ, ಖಾತೆ ಮುಚ್ಚಿದ ಪತ್ರ ಕೈಗೆ ಬರುವವರೆಗೆ ಬೆಂಚಿನಿಂದ ಏಳಲಿಲ್ಲವಂತೆ. ಬಡ್ಡಿಯನ್ನು ಕೆಂಪರಾಜುವಿನ ಕೈಗಡಿಯಾರ ಮಾರಿದ ಹಣ ತೀರಿಸಿತು. ಆಕೆಗೆ ಉಳಿದದ್ದು ಆರು ಸಾವಿರ. ಪೇಟೆ ಬೀದಿಯ ಮಳಿಗೆ ಮೊಬೈಲ್ ಕವರು ಮಾರುವವನ ಪಾಲಾಯಿತು.

ನನ್ನನ್ನು ಮಾರಲು ನೋಡಿದರು. ಬಂದವನು ಫಲಕ ನೋಡಿ ನಕ್ಕ: ಎರಡು ವರ್ಷದಲ್ಲಿ ಹದಿನೆಂಟು ಕಿಲೋಮೀಟರು. ಮಂಡ್ಯದಿಂದ ಹೊರಟಿದ್ದರೆ ಶ್ರೀರಂಗಪಟ್ಟಣವನ್ನೂ ಮುಟ್ಟುವ ದೂರವಲ್ಲ. ಬಡ್ಡಿ ಬಿಟ್ಟು ಅಸಲನ್ನೇ ಭಾಗಿಸಿದರೂ ಕಿಲೋಮೀಟರಿಗೆ ಎರಡೂವರೆ ಸಾವಿರ ರೂಪಾಯಿ. ಆ ದರಕ್ಕೆ ಪಲ್ಲಕ್ಕಿಯೇ ಸಿಗುತ್ತಿತ್ತು. ಕಡೆಗೆ ಗುಜರಿಯವನು ಚೌಕಟ್ಟನ್ನೂ ಮೋಟಾರನ್ನೂ ತೂಕಕ್ಕೆ ಹಾಕಿಕೊಂಡು ಸಾವಿರದ ಆರುನೂರು ಕೊಟ್ಟ. ಹಲಗೆಯನ್ನು ಮಾತ್ರ ಜಯಶೀಲ ಕೊಡಲಿಲ್ಲ. ಈಗ ಮಾತಾಡುತ್ತಿರುವುದು ಆ ಹಲಗೆ. ಹೊಲಿಗೆ ಯಂತ್ರ ಕಿಟಕಿಗೆ ಮರಳಿತು.

ಬ್ಯಾಂಕಿಗೆ ಹೋಗುತ್ತಿದ್ದ ನಾಲ್ಕು ಸಾವಿರದ ಏಳುನೂರನ್ನು ಕೆಂಪರಾಜು ಪ್ರತಿ ತಿಂಗಳೂ ಆಕೆಯ ಕೈಗಿತ್ತ. ಚೀಟಿಗೆ ಕಟ್ಟುತ್ತಿದ್ದ ನಾಲ್ಕು ಸಾವಿರ ಆಕೆಯದು. ಎಂಟನೆಯ ತಿಂಗಳಿಗೆ, ಉಳಿದಿದ್ದ ಆರು ಸಾವಿರವೂ ಸೇರಿ, ಎಪ್ಪತ್ತೈದು ಸಾವಿರದ ಆರುನೂರಾಯಿತು. ಪೇಟೆ ಬೀದಿಯಲ್ಲಲ್ಲ, ಅದರ ಹಿಂದಿನ ಓಣಿಯಲ್ಲಿ, ಒಂದಿಷ್ಟು ಇಕ್ಕಟ್ಟಾದ ಮಳಿಗೆ ಸಿಕ್ಕಿತು. ಅಲ್ಲಿ ನಾಲ್ಕು ಕಾಲು ಹಚ್ಚಿಸಿಕೊಂಡು ನಾನು ಬಟ್ಟೆ ಕತ್ತರಿಸುವ ಮೇಜಾಗಿದ್ದೇನೆ.

ಮೊನ್ನೆ ಒಂದು ವಿಚಿತ್ರ ನಡೆಯಿತು. ದಾರ, ಲೈನಿಂಗ್ ಬಟ್ಟೆ ಸಗಟಾಗಿ ತರಲೆಂದು ಜಯಶೀಲ ತನ್ನ ಹೆಸರಿನಲ್ಲೇ ಒಂದು ಕಾರ್ಡು ಮಾಡಿಸಿದಳು. ನಾನು ಬೆಚ್ಚಿದೆ. ಆದರೆ ಆಕೆ ಗಡುವಿನ ತಾರೀಖನ್ನು ನನ್ನ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಳು. ಕಾರ್ಡಿನಲ್ಲಿ ಎಷ್ಟು ಖರ್ಚು ಮಾಡಿದಳೋ ಅಷ್ಟನ್ನು ಅಂದೇ ಡಬ್ಬಿಯಲ್ಲಿ ಬೇರೆಯಾಗಿ ಎತ್ತಿಟ್ಟಳು. ಬಿಲ್ಲು ಬಂದಾಗ ಕೆಂಪರಾಜು ಹಳೆಯ ಚಾಳಿಯಿಂದ ಬಾಯಿಬಿಟ್ಟ:

"ಕನಿಷ್ಠ ಕಟ್ಟಿದ್ರೆ ಸಾಕು ಅಂತ ಬರ್ದಿದಾರಲ್ಲೇ?"

"ಒಂದೇ ತೋಳು ಹೊಲ್ದು ಬ್ಲೌಸು ಆಯ್ತು ತಗೊಂಡೋಗಿ ಅಂತೀನಾ ನಾನು?"

ಪೂರ್ತಿ ಕಟ್ಟಿದಳು. ಬಡ್ಡಿ ಸೊನ್ನೆ. ಎರಡೂ ಕಾರ್ಡುಗಳ ಪ್ಲಾಸ್ಟಿಕ್ಕು ಒಂದೇ, ಕೈ ಬೇರೆ.

ಕೆಂಪರಾಜು ಈಗ ಮಧ್ಯಾಹ್ನ ಊಟದ ಬಿಡುವಿಗೆ ಮನೆಗೆ ಬಂದು ಹೆಂಡತಿಗೆ ಬುತ್ತಿ ತರುತ್ತಾನೆ, ನಡೆದುಕೊಂಡು. ಮನೆಯಿಂದ ಮಳಿಗೆಗೆ ಒಂದು ಕಿಲೋಮೀಟರು. ಹೋಗಿ ಬಂದರೆ ಎರಡು. ನನಗೆ ಫಲಕವಿಲ್ಲ, ಆದರೂ ಎಣಿಸುವ ಚಾಳಿ ಹೋಗಿಲ್ಲ. ಎರಡು ವರ್ಷ ನನ್ನ ಮೇಲೆ ಓಡಿದ ಒಟ್ಟು ದೂರವನ್ನು ಅವನು ಒಂಬತ್ತು ದಿನಕ್ಕೆ ಮುಗಿಸಿದ. ಖರ್ಚು, ಸೊನ್ನೆ.