ಸೊನ್ನೆ ಸಾಹೇಬರ ಹೆಬ್ಬೆರಳು

ಆ ಊರಿನಲ್ಲಿ ನರಿ ಯಾರನ್ನೂ ಕಚ್ಚುತ್ತಿರಲಿಲ್ಲ. ಕಚ್ಚಿದರೂ ಆಸ್ಪತ್ರೆಯ ರಿಜಿಸ್ಟರಿಗೆ ಬರುವಷ್ಟರಲ್ಲಿ ಅದು ನಾಯಿಯಾಗಿಬಿಡುತ್ತಿತ್ತು. ಈ ಪವಾಡ ಆರೋಗ್ಯಾಧಿಕಾರಿಗಳ ಕೆಂಪು ಪೆನ್ನಿನದು. ಕಾಡುಪ್ರಾಣಿಗಳಿಂದ ರೇಬೀಸ್ ಭಯ ಎಷ್ಟಿದೆ ಎಂದು ಮೇಲಿನವರು ಕೇಳಿದಾಗಲೆಲ್ಲ ಅವರು ದುಂಡಗೆ ಒಂದು ಸೊನ್ನೆ ಬರೆದು ಕಳಿಸುತ್ತಿದ್ದರು. ಊರವರ ಬಾಯಲ್ಲಿ ಅವರು ಸೊನ್ನೆ ಸಾಹೇಬರು.

ಚುಚ್ಚುಮದ್ದಿನ ಕೋಣೆಯ ನರ್ಸಮ್ಮನಿಗೆ ಆ ಸೊನ್ನೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಈ ಸಲವಂತೂ ಅದು ಅವಳ ಮನೆಗೇ ಬಂದು ಕೂತಿತ್ತು. ಪೋಸ್ಟ್‌ಮನ್ ಆಗಿದ್ದ ಅವಳ ತಮ್ಮನ ಕಾಲಿಗೆ ಕಲ್ಲುಕ್ವಾರಿಯ ದಾರಿಯಲ್ಲಿ ಹಾಡಹಗಲೇ ನರಿ ಬಾಯಿ ಹಾಕಿತ್ತು. ಅವಳು "ನರಿ" ಎಂದು ಬರೆದಳು. ಮರುದಿನ ನೋಡಿದರೆ ಅದರ ಮೇಲೆ ಕೆಂಪು ಶಾಯಿಯಲ್ಲಿ "ನಾಯಿ".

ನಾಯಿಯಾದರೇನಂತೆ ಎನ್ನಬೇಡಿ. ಲಸಿಕೆ ಎಲ್ಲರಿಗೂ ಉಂಟು. ಲಸಿಕೆ ಹಿಡಿಯುವವರೆಗೆ ಕಾಪಾಡಲು ಗಾಯದ ಸುತ್ತ ಚುಚ್ಚುವ ಸೀರಂ ಮಾತ್ರ ಕಾಡುಪ್ರಾಣಿ ಕಚ್ಚಿದವರಿಗೆ ಎಂಬುದು ಸಾಹೇಬರದೇ ಸುತ್ತೋಲೆ. ಊರ ನಾಯಿಗಳಿಗೆಲ್ಲ ಲಸಿಕೆ ಆಗಿದೆಯಲ್ಲ! ಈ ವರ್ಷ ಆಗಲೇ ಎಷ್ಟೋ ಸಲ ಆಗಿದೆ. ನರಿ ಕಚ್ಚಿದಾಗಲೆಲ್ಲ ಪಾಪದ ನಾಯಿಗಳನ್ನು ಹಿಡಿದು ಚುಚ್ಚುತ್ತಿದ್ದರು. ಸಾಲದ್ದಕ್ಕೆ, ತಮ್ಮನನ್ನು ಕಚ್ಚಿದ ನಾಯಿಯನ್ನು ಪತ್ತೆಹಚ್ಚಿ ಪರೀಕ್ಷಿಸಲಾಗಿದೆ, ಅದು ಆರೋಗ್ಯವಾಗಿದೆ ಎಂಬ ವರದಿಯೂ ಬಂತು. ಇಲ್ಲದ ನಾಯಿಗೆ ಕಾಯಿಲೆಯಾದರೂ ಎಲ್ಲಿಂದ ಬರಬೇಕು?

ಸೀರಂ ಅವಳ ಬೆನ್ನ ಹಿಂದಿನ ಫ್ರಿಜ್ಜಿನಲ್ಲೇ ಇತ್ತು, ಬೀಗದ ಕೈ ಸಾಹೇಬರ ಜೇಬಿನಲ್ಲಿ. ಮೊದಲ ಲಸಿಕೆಯಾದ ಏಳು ದಿನದೊಳಗೆ ಅದನ್ನು ಕೊಡಬೇಕು. ಇವತ್ತು ಆರನೆಯ ದಿನ. ಸಾಹೇಬರ ಬಾಗಿಲಿಗೆ ಎಡತಾಕಿ ಅವಳಿಗೆ ಸಾಕಾಗಿಹೋಗಿತ್ತು.

"ಅಕ್ಕಾ, ನಂಗೇನೂ ಆಗಲ್ಲ ಬಿಡು," ಎಂದ ಬೆಂಚಿನ ಮೇಲಿದ್ದ ತಮ್ಮ.

"ಬಾಯ್ಮುಚ್ಕೊಂಡು ಕೂತ್ಕೊ," ಎಂದಳು. ಈ ರೋಗ ಒಮ್ಮೆ ತಲೆಗೇರಿದರೆ ವಾಪಸ್ ಬಂದವರಿಲ್ಲ ಎಂಬುದು ಅವಳಿಗೆ ಗೊತ್ತು.

ಹೊರಗೆ ಅಂಗಳದಲ್ಲಿ "ರೇಬೀಸ್ ಮುಕ್ತ ಊರು" ಎಂಬ ಬೋರ್ಡಿನ ಉದ್ಘಾಟನೆ ನಡೆದಿತ್ತು. ಅತಿಥಿಗಳ ಜತೆಗೆ ಕರೆಯದೆ ಒಂದು ನರಿಯೂ ಬಂತು. ಇಷ್ಟೊಂದು ಜನರನ್ನು ಕಂಡೂ ಅದು ಓಡಲಿಲ್ಲ. ಮನುಷ್ಯರಿಗೆ ಹೆದರದ ನರಿಯ ತಲೆ ನೆಟ್ಟಗಿರುವುದಿಲ್ಲವೆಂದು ನರ್ಸಮ್ಮ ಕಿಟಕಿಯಿಂದ ಕೂಗಿಕೊಂಡಳು. ಸಾಹೇಬರು, "ಎಷ್ಟು ಸಾಧು ನೋಡಿ!" ಎಂದು ಫೋಟೊಗೆ ಹಲ್ಲು ಕಿರಿದು ಬಿಸ್ಕತ್ತು ಚಾಚಿದರು. ನರಿ ಬಿಸ್ಕತ್ತು ಬಿಟ್ಟು ಎಡಗೈ ಹೆಬ್ಬೆರಳಿಗೆ ಬಾಯಿ ಹಾಕಿ, ಬೇಲಿ ನುಸುಳಿ ಹೋಯಿತು.

ಕರ್ಚೀಫು ಸುತ್ತಿಕೊಂಡು ಬಂದ ಸಾಹೇಬರ ಕೈಯನ್ನು ಅವಳು ನಲ್ಲಿಯ ಕೆಳಗೆ ಹಿಡಿಸಿದಳು. "ಸೋಪು ಹಚ್ಚಿ ಹದಿನೈದು ನಿಮಿಷ ತೊಳೀರಿ. ಯಾವ ಪ್ರಾಣಿ ಸರ್?"

"ನೋಡಿದ್ರಲ್ಲ... ನಾಯಿ ಅಂತ ಬರ್ಕೊಳ್ಳಿ."

"ಆಗ್ಲಿ ಸರ್. ನಾಯಿ ಆದ್ರೆ ಸೀರಂ ಇಲ್ಲ, ಲಸಿಕೆ ಅಷ್ಟೇ. ನಾಯಿ ಆರೋಗ್ಯವಾಗಿದೆ ಅಂತ ವರದಿ ತರಿಸ್ಲಾ?"

ಸಾಹೇಬರ ಮುಖ ಬಿಳಿಚಿಕೊಂಡಿತು. "ನರಿ ಕಣ್ರೀ! ನರಿ!"

"ಬಲಗೈ ಚೆನ್ನಾಗಿದೆಯಲ್ಲ ಸರ್, ನೀವೇ ಬರೀರಿ. ಹಾಗೇ ಈ ವಾರ ನಾಯಿ ಆಗಿರೋ ಮೇಲಿನ ಮೂರು ನರೀನೂ ತಿದ್ದಿ."

ಕೆಂಪು ಪೆನ್ನು ಹೊರಬಂತು. ಮೂರು ನಾಯಿಗಳು ಮತ್ತೆ ನರಿಗಳಾದವು, ಕೊನೆಯಲ್ಲಿ ಸಾಹೇಬರದೂ ಸೇರಿತು. ಬೀಗದ ಕೈಯೂ ಹೊರಬಂತು. ನರ್ಸಮ್ಮ ಫ್ರಿಜ್ಜು ತೆಗೆದು, ಮೊದಲು ತಮ್ಮನನ್ನು ಕರೆದಳು.

"ರೀ, ನನ್ನ ಕೈ!"

"ಹದಿನೈದು ನಿಮಿಷ ಇನ್ನೂ ಆಗಿಲ್ಲ ಸರ್. ತೊಳೀತಿರಿ."

ಸೂಜಿ ಇಳಿದಾಗ ತಮ್ಮ "ಅಯ್ಯೋ" ಎಂದ. ಅವಳಿಗೆ ಅಳು ಉಕ್ಕಿ ಬಂತು, ತೋಳಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸಾಹೇಬರಿಗೂ ಕೊಟ್ಟಳು. ನರಿ ಕಚ್ಚಿದ ಉಳಿದಿಬ್ಬರಿಗೂ ಬರಲು ಹೇಳಿ ಕಳಿಸಿದಳು.

ಹೊರಡುವಾಗ ಸಾಹೇಬರು ಕೈ ಚಾಚಿದರು. "ಬೀಗದ ಕೈ ಕೊಡಿ ಸಿಸ್ಟರ್."

"ಇಲ್ಲೇ ಇರ್ಲಿ ಸರ್," ಎಂದಳು ಅವಳು, ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾ. "ಆ ನರಿ ಇನ್ನೂ ಸಿಕ್ಕಿಲ್ಲ."